ಗೋಡೆಯ ಮೇಲಿನ ವಂಶವೃಕ್ಷ, ಕಚೇರಿಯಲ್ಲಿರುವ ವಂಶವೃಕ್ಷ

ಕಳೆದ ಚಳಿಗಾಲದ ಒಂದು ಭಾನುವಾರ ಚೌಳಹಿರಿಯೂರಿನಲ್ಲಿ ನಮ್ಮ ತಂದೆಯವರ ಕಡೆಯ ಕುಟುಂಬವೆಲ್ಲ ಒಂದೆಡೆ ಸೇರಿತ್ತು. ಬೆಂಗಳೂರು, ದಾವಣಗೆರೆ, ತರೀಕೆರೆ, ಅಜ್ಜಂಪುರಗಳಿಂದ ಬಂದವರು ಮಕ್ಕಳುಮರಿ ಸೇರಿ ನೂರರ ಸಮೀಪ. ಕೊಲ್ಲಿ ದೇಶದಲ್ಲಿ ದುಡಿಯುವ ಇಬ್ಬರು ಇದಕ್ಕಾಗಿಯೇ ರಜೆ ಹೊಂದಿಸಿಕೊಂಡಿದ್ದರು. ತೋಟದ ಮನೆಯ ಅಂಗಳಕ್ಕೆ ಶಾಮಿಯಾನ ಹಾಕಿ, ಝುಹರ್ ನಮಾಝನ್ನು ಅಲ್ಲಿಯೇ ಜಮಾಅತ್ತಾಗಿ ನಿರ್ವಹಿಸಿ, ಊಟಕ್ಕೆ ಕೂರುವ ಮುನ್ನ ಗೋಡೆಗೆ ತೂಗುಹಾಕಿದ್ದ ದೊಡ್ಡ ಫ್ಲೆಕ್ಸಿನ ಮುಸುಕನ್ನು ಸರಿಸಲಾಯಿತು. ಅದು ನಮ್ಮ ವಂಶವೃಕ್ಷ. ಆರು ತಲೆಮಾರುಗಳು, ಹಸಿರು ಎಲೆಗಳ ಒಳಗೆ ಒಂದೊಂದು ಹೆಸರು. ಹುಡುಗರು ತಮ್ಮ ತಮ್ಮ ಎಲೆಗಳನ್ನು ಹುಡುಕಿ ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ನಮ್ಮ ಹಿರಿಯ ಫೂಫು ಎಂಬತ್ತು ದಾಟಿದವರು. ಓದು ಬಾರದು. ಮೊಮ್ಮಗಳ ತೋಳು ಹಿಡಿದು ಹತ್ತಿರ ಹೋಗಿ, “ನನ್ನ ಹೆಸರು ಎಲ್ಲಿದೆ, ತೋರಿಸು ಬೇಟಿ” ಎಂದರು. ಹುಡುಗಿ ಬೇರಿನಿಂದ ತುದಿಯವರೆಗೂ ಎರಡು ಸಲ ಕಣ್ಣಾಡಿಸಿ, “ನಾನಿ, ಇದರಲ್ಲಿ ಬರೀ ಗಂಡಸರೇ ಇದ್ದಾರೆ” ಎಂದಳು. ಫೂಫು ನಕ್ಕರು. “ಹೌದಲ್ಲ, ನಾನು ಕೊಟ್ಟ ಹೆಣ್ಣು” ಎಂದು ಹೇಳಿ ಊಟದ ಕಡೆಗೆ ನಡೆದರು.

ಆ ಫ್ಲೆಕ್ಸಿನ ಕರಡನ್ನು ಬರೆದುಕೊಟ್ಟವರು ನಾವೇ. ಕುಟುಂಬದಲ್ಲಿ ಕನ್ನಡವನ್ನು ಕಾಲೇಜಿನಲ್ಲಿ ಓದಿದವರು ನಾವೊಬ್ಬರೆಂಬ ಕಾರಣಕ್ಕೆ ಬರವಣಿಗೆಯ ಕೆಲಸಗಳೆಲ್ಲ ನಮ್ಮ ಪಾಲಿಗೆ ಬರುತ್ತವೆ. ಆ ದಿನದಿಂದ ಈ ವಿಷಯ ನಮ್ಮನ್ನು ಬಿಟ್ಟಿಲ್ಲ.

ಇಂತಹ ಕುಟುಂಬ ಸಮ್ಮಿಲನಗಳು ಈಗ ನಮ್ಮ ಜಿಲ್ಲೆಯಲ್ಲಿ ಹೆಚ್ಚುತ್ತಿವೆ. ಇದು ಸಂತೋಷದ ಸಂಗತಿಯೇ. ಮದುವೆಯಲ್ಲಿ ಊಟ ಮುಗಿಸಿ ಓಡುವ, ಜನಾಝಾದಲ್ಲಿ ಕೈಕುಲುಕಿ ಹಿಂದಿರುಗುವ ಕಾಲದಲ್ಲಿ, ಕೇವಲ ಒಬ್ಬರನ್ನೊಬ್ಬರು ಕಾಣಲೆಂದೇ ನೂರು ಜನ ಒಂದು ಅಂಗಳದಲ್ಲಿ ಸೇರುವುದು ಸಣ್ಣ ಮಾತಲ್ಲ. ಬಂಧುತ್ವದ ನಂಟನ್ನು ಕಾಯುವಷ್ಟರ ಮಟ್ಟಿಗಾದರೂ ನಿಮ್ಮ ವಂಶಾವಳಿಯನ್ನು ಅರಿತುಕೊಳ್ಳಿರೆಂದು ಪ್ರವಾದಿವರ್ಯರು (ಸ) ಬೋಧಿಸಿದ್ದನ್ನು ಇಮಾಮ್ ತಿರ್ಮಿದಿಯವರು ವರದಿ ಮಾಡಿದ್ದಾರೆ. ಖುರೈಶರ ವಂಶಾವಳಿಯನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದವರು ಹಝ್ರತ್ ಅಬೂಬಕರ್ (ರ). ಕವಿ ಹಸ್ಸಾನ್ ಬಿನ್ ಸಾಬಿತ್‌ರನ್ನು (ರ) ಈ ವಿಷಯದಲ್ಲಿ ಅವರ ಬಳಿಗೇ ಕಳುಹಿಸಲಾಯಿತು. ವಂಶದ ಅರಿವು ಇಸ್ಲಾಮಿನಲ್ಲಿ ವರ್ಜ್ಯವಲ್ಲ. ವಂಶದ ಅಹಂಕಾರ ವರ್ಜ್ಯ. ಜನಾಂಗ ಗೋತ್ರಗಳನ್ನು ಮಾಡಿದ್ದು ಪರಸ್ಪರ ಪರಿಚಯಕ್ಕೆಂದು ಸೂರಃ ಹುಜುರಾತ್ ತಿಳಿಸುತ್ತದೆ. ಅಲ್ಲಾಹನ ಬಳಿ ಹಿರಿಮೆಯ ಅಳತೆ ತಖ್ವಾ ಎಂಬುದನ್ನೂ ಅದೇ ವಚನ ಸಾರುತ್ತದೆ.

ಅಹಂಕಾರದ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಿಯೇ ಮುಂದುವರಿಯಬೇಕು. ವೃಕ್ಷದ ಬೇರಿನಲ್ಲಿ ಯಾರ ಹೆಸರನ್ನು ಬರೆಯಬೇಕೆಂಬ ಬಗ್ಗೆ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಎರಡು ವಾರ ಚರ್ಚೆ ನಡೆಯಿತು. ನಮಗೆ ಖಚಿತವಾಗಿ ಗೊತ್ತಿರುವ ಅತ್ಯಂತ ಹಿರಿಯರು ನಮ್ಮ ದಾದಾ ಅವರ ದಾದಾ. ಅವರು ನಾಲಬಂದರು. ಅಜ್ಜಂಪುರ, ಬೀರೂರು, ಕಡೂರಿನ ಸಂತೆಗಳಲ್ಲಿ ಎತ್ತುಗಳಿಗೆ ಲಾಳ ಕಟ್ಟಿ ಬದುಕಿದವರು. ಅಮೃತಮಹಲ್ ತಳಿಯ ಸೀಮೆ ಇದು. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ಅಜ್ಜಂಪುರದಲ್ಲಿದೆ. ಎತ್ತುಗಳಿದ್ದಲ್ಲಿ ಲಾಳದವರು ಇರಲೇಬೇಕಲ್ಲವೆ? ಆದರೆ ಗುಂಪಿನ ಕೆಲವು ತರುಣರಿಗೆ ಅದು ಸಾಲದು. ಅರೇಬಿಯದಿಂದ ಹಡಗೇರಿ ಬಂದವರೆಂದು ಬರೆಯೋಣವೆಂದರು. ಒಬ್ಬನಂತೂ ಎಲ್ಲಿಂದಲೋ ಒಂದು ಸಿದ್ಧ ಶಜರಾವನ್ನೇ ಇಳಿಸಿಕೊಂಡಿದ್ದ. ಹೋದ ವರ್ಷ ನೇಕಾರನಾಗಿದ್ದೆ, ಈ ವರ್ಷ ಶೇಖ್, ಧಾನ್ಯದ ಬೆಲೆ ಏರಿದರೆ ಬರುವ ವರ್ಷ ಸಯ್ಯದ್ ಎಂಬರ್ಥದ ಹಳೆಯ ಗಾದೆ ಉತ್ತರದ ಮುಸ್ಲಿಮರಲ್ಲಿದೆ. ಅದು ನೆನಪಾಗಿ ನಕ್ಕೆವು. ಆದರೆ ಇದು ಕೇವಲ ನಗೆಯ ವಿಷಯವಲ್ಲ. ತಿಳಿದೂ ತಿಳಿದೂ ತನ್ನದಲ್ಲದ ತಂದೆಯ ಹೆಸರನ್ನು ಹೇಳಿಕೊಳ್ಳುವವನ ಬಗ್ಗೆ ಬುಖಾರಿಯ ಹದೀಸಿನಲ್ಲಿರುವ ಎಚ್ಚರಿಕೆ ಬಹಳ ಕಠಿಣವಾದುದು. ಕರ್ಮ ಹಿಂದೆ ಬಿದ್ದವನನ್ನು ವಂಶ ಮುಂದೆ ಒಯ್ಯಲಾರದೆಂಬುದು ಮುಸ್ಲಿಮ್‌ನ ಹದೀಸಿನ ಸಾರ. ಕೊನೆಗೆ ನಾಲಬಂದರ ಹೆಸರೇ ಬೇರಿನಲ್ಲಿ ಉಳಿಯಿತು. ಪ್ರವಾದಿ ದಾವೂದರ (ಅ) ಕೈಯಲ್ಲಿ ಅಲ್ಲಾಹನು ಕಬ್ಬಿಣವನ್ನು ಮೆತ್ತಗಾಗಿಸಿದನೆಂದು ಸೂರಃ ಸಬಾದಲ್ಲಿದೆ. ಕಬ್ಬಿಣ ಬಡಿದವರ ಮೊಮ್ಮಕ್ಕಳೆಂದು ಬರೆದುಕೊಳ್ಳಲು ನಾಚಿಕೆ ಏಕೆ?

ಬೇರನ್ನು ಹುಡುಕುವವರಿಗೆ ನಮ್ಮ ಅನುಭವದ ಎರಡು ಮಾತು. 1947ರವರೆಗೆ ನಮ್ಮ ಜಿಲ್ಲೆಯ ಹೆಸರು ಚಿಕ್ಕಮಗಳೂರಲ್ಲ, ಕಡೂರು ಜಿಲ್ಲೆ. ಜಿಲ್ಲಾ ಕೇಂದ್ರ 1865ರಷ್ಟು ಹಿಂದೆಯೇ ಚಿಕ್ಕಮಗಳೂರಿಗೆ ಹೋಗಿದ್ದರೂ ಹೆಸರು ಉಳಿದುಕೊಂಡಿತ್ತು. ಹಳೆಯ ಕಾಗದಗಳಲ್ಲಿ ಆ ಹೆಸರನ್ನು ಕಂಡು ಗಲಿಬಿಲಿಗೊಳ್ಳಬೇಡಿ. ಅಜ್ಜಂಪುರ ಇತ್ತೀಚಿನವರೆಗೂ ತರೀಕೆರೆ ತಾಲ್ಲೂಕಿಗೆ ಸೇರಿತ್ತು. ಅಲ್ಲಿನವರ ದಾಖಲೆಗಳನ್ನು ತರೀಕೆರೆಯಲ್ಲಿಯೂ ಕೇಳಬೇಕಾಗುತ್ತದೆ. ಶಾಲೆಯ ದಾಖಲಾತಿ ಪುಸ್ತಕ, ಪಹಣಿ, ಹಳೆಯ ಕ್ರಯಪತ್ರಗಳು ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಆದರೆ ಎಲ್ಲಕ್ಕಿಂತ ಶ್ರೀಮಂತವಾದುದು ಮಸೀದಿಗಳ ನಿಕಾಹ್ ದಫ್ತರ. ವಧು ಯಾರ ಮಗಳು, ಯಾವ ಊರು, ವಕೀಲರು ಯಾರು, ಸಾಕ್ಷಿಗಳು ಯಾರು, ಮಹರ್ ಎಷ್ಟು ಎಂಬುದೆಲ್ಲ ಅಲ್ಲಿ ಸಿಗುತ್ತದೆ. ನಾವು ಆ ದಫ್ತರಗಳನ್ನು ತಿರುವಿ ಹಾಕಿ ಗಂಡಸರ ಹೆಸರುಗಳನ್ನಷ್ಟೇ ಗುರುತು ಹಾಕಿಕೊಂಡು ಬಂದೆವು. ಹೆಣ್ಣಿನ ಹೆಸರಿಲ್ಲದೆ ಒಂದು ಸಾಲೂ ಇಲ್ಲದ ಪುಸ್ತಕದಿಂದ ಹೆಣ್ಣಿಲ್ಲದ ಮರವನ್ನು ಬರೆದೆವು!

ವಂಶವೆಂದರೆ ಗಂಡಿನ ಸಾಲು, ಅದೇ ದೀನಿನ ರೀತಿ ಎಂದು ಕೆಲವು ಹಿರಿಯರು ನಮಗೆ ಸಮಾಧಾನ ಹೇಳಿದರು. ತಂದೆಯ ಹೆಸರಿನಿಂದ ಕರೆಯಿರೆಂಬ ಕುರ್‌ಆನ್ ಆದೇಶ ನಿಜ. ಅದು ದತ್ತುಪುತ್ರರ ನಿಜವಾದ ತಂದೆಯ ಹೆಸರನ್ನು ಅಳಿಸಬಾರದೆಂಬುದಕ್ಕೆ ಬಂದುದು. ಮಗಳ ಹೆಸರನ್ನು ಅಳಿಸಲು ಬಂದುದಲ್ಲ. ಇಂದು ಜಗತ್ತಿನಲ್ಲಿ ತಮ್ಮನ್ನು ಸಯ್ಯದರೆಂದು ಕರೆದುಕೊಳ್ಳುವ ಪ್ರತಿಯೊಬ್ಬರೂ ಪ್ರವಾದಿವರ್ಯರ (ಸ) ವಂಶವನ್ನು ಹೇಳಿಕೊಳ್ಳುವುದು ಯಾರ ಮೂಲಕ? ಹಝ್ರತ್ ಫಾತಿಮಾ (ರ) ಅವರ ಮೂಲಕ. ಆ ಮರದಿಂದ ಮಗಳ ಎಲೆಯನ್ನು ತೆಗೆದುಬಿಟ್ಟರೆ ಉಳಿಯುವುದೇನು? ಒಂದು ಕುಲದ ಸಹೋದರಿಯ ಮಗ ಆ ಕುಲದವನೇ ಎಂದು ಪ್ರವಾದಿವರ್ಯರು (ಸ) ಹೇಳಿದ್ದು ಬುಖಾರಿಯಲ್ಲಿದೆ. ‘ರಹಿಮ್’ ಎಂದರೇನು? ತಾಯಿಯ ಗರ್ಭ. ‘ಸಿಲತುರ್ರಹಿಮ್’ ಎಂದು ನಾವು ಜುಮಾ ಭಾಷಣಗಳಲ್ಲಿ ಹೇಳುವ ನಂಟಿನ ಹೆಸರೇ ಹೆಣ್ಣಿನ ದೇಹದಿಂದ ಬಂದುದು. ಗಂಡಿನ ಸಾಲಷ್ಟೇ ವಂಶ ಎಂಬುದು ಎಲ್ಲ ಊರಿನ ಮುಸ್ಲಿಮರ ರೂಢಿಯೂ ಅಲ್ಲ. ಕಾಸರಗೋಡಿನಿಂದ ಕೆಳಗೆ ಉತ್ತರ ಮಲಬಾರಿನ ಮಾಪಿಳ್ಳ ತರವಾಡುಗಳು ತಾಯಿಯ ಸಾಲಿನವು. ಅಲ್ಲಿ ಕುಟುಂಬ ಸಂಗಮ ನಡೆದರೆ ಬೇರಿನಲ್ಲಿ ಒಬ್ಬ ಅಜ್ಜಿ ಇರುತ್ತಾಳೆ. ಅಲ್ಲಿನ ರೂಢಿಯೂ ಶರೀಅತ್ತಿನ ಪಾಲಿಗೆ ಹೊಂದುತ್ತಿರಲಿಲ್ಲ ಎಂಬುದು ಬೇರೆ ಮಾತು. 1939ರ ಮದ್ರಾಸಿನ ಮಾಪಿಳ್ಳ ಮರುಮಕ್ಕತ್ತಾಯಂ ಕಾಯ್ದೆ ಬಂದ ಮೇಲೆ ತರವಾಡಿನ ಆಸ್ತಿಯಲ್ಲಿ ಸದಸ್ಯರು ತಂತಮ್ಮ ಪಾಲನ್ನು ಕೇಳಿ ಪಡೆಯುವಂತಾಯಿತು. ಒಂದೆಡೆ ತಾಯಿಯ ಸಾಲು, ಇನ್ನೊಂದೆಡೆ ತಂದೆಯ ಸಾಲು. ಎರಡೂ ನಾಡಿನ ರೂಢಿಗಳೇ.

ಇಷ್ಟು ಬರೆದು ನಿಲ್ಲಿಸಿದ್ದರೆ ಇದೊಂದು ಸುಲಭವಾದ ಲೇಖನವಾಗುತ್ತಿತ್ತು. ಫ್ಲೆಕ್ಸನ್ನು ಬದಲಿಸಿ ಹೆಣ್ಣುಮಕ್ಕಳ ಹೆಸರನ್ನು ಸೇರಿಸಿದರೆ ಸಾಕೆಂದು ಓದುಗರೂ ನಿಟ್ಟುಸಿರು ಬಿಡುತ್ತಿದ್ದರು. ಆದರೆ ನಮ್ಮ ಕುಟುಂಬಕ್ಕೆ ಇನ್ನೊಂದು ವಂಶವೃಕ್ಷವಿದೆ. ಅದು ಗೋಡೆಯ ಮೇಲಿಲ್ಲ, ತಾಲ್ಲೂಕು ಕಚೇರಿಯ ಕಡತದಲ್ಲಿದೆ. ಅದನ್ನು ಬರೆದವರೂ ನಾವೇ.

ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಮ್ಮ ದಾದಾ ತೀರಿಕೊಂಡರು. ದಾದಿ ಅದಕ್ಕೂ ಮೊದಲೇ ಹೋಗಿದ್ದರು. ಜಮೀನಿಗೆ ಪೌತಿ ಖಾತೆ ಆಗಬೇಕಿತ್ತು. ಅದಕ್ಕೆ ವಂಶವೃಕ್ಷ ಬೇಕು, ಅಫಿಡವಿಟ್ ಬೇಕು, ಊರಿನ ಪಂಚರ ಸಹಿ ಬೇಕು. ನಾವು ಆಗಷ್ಟೇ ಮದರಸದ ವ್ಯಾಸಂಗ ಮುಗಿಸಿ, ಕನ್ನಡ ಬಿ.ಎ. ಮಾಡಿಕೊಂಡಿದ್ದೆವು. “ಅರ್ಜಿ ನೀನೇ ಬರಿ, ನಿನ್ನ ಅಕ್ಷರ ಚೆಂದ” ಎಂದರು ಚಿಚ್ಚಾ. ಮೃತರಿಗೆ ನಾಲ್ವರು ಗಂಡುಮಕ್ಕಳು, ಇವರ ಹೊರತು ಬೇರೆ ವಾರಸುದಾರರು ಇರುವುದಿಲ್ಲ ಎಂದು ಬರೆದೆವು. ಮೂವರು ಫೂಫುಗಳು ಬದುಕಿದ್ದರು. ಕೆಳಗೆ ‘ಬಿಕ್ಕಲಂ’ ಎಂದು ನಮ್ಮ ಹೆಸರನ್ನೂ ಹಾಕಿದೆವು. ಕಚೇರಿಯವರದೇನೂ ತಪ್ಪಿಲ್ಲ. ಕೊಟ್ಟ ಹೆಸರುಗಳನ್ನು ಅವರು ಬರೆದುಕೊಂಡರು. ಸಿರಾಜಿಯನ್ನು ಓದಿ ಪಾಲಿನ ಲೆಕ್ಕ ಕಲಿತು ಬಂದ ವಿದ್ಯಾರ್ಥಿಗೆ ತಾನೇನು ಬರೆಯುತ್ತಿದ್ದೇನೆಂಬುದು ಗೊತ್ತಿರಲಿಲ್ಲವೆ? ಗೊತ್ತಿತ್ತು. ಮಹಾಪಾಪಗಳನ್ನು ಎಣಿಸುವಾಗ ಪ್ರವಾದಿವರ್ಯರು (ಸ) ಒರಗಿದ್ದವರು ಎದ್ದು ಕುಳಿತು ಮತ್ತೆ ಮತ್ತೆ ಹೇಳಿದ್ದು ಸುಳ್ಳು ಸಾಕ್ಷ್ಯದ ಬಗ್ಗೆ. ಈ ಹದೀಸನ್ನು ನಾವು ಮಕ್ಕಳಿಗೆ ಪಾಠ ಮಾಡಿದ್ದೇವೆ. ಆಗ ಆ ಅರ್ಜಿ ಒಮ್ಮೆಯೂ ನೆನಪಾಗಲಿಲ್ಲವೆಂದರೆ ಸುಳ್ಳಾಗುತ್ತದೆ.

ಇದು ನಮ್ಮ ಮನೆಯೊಂದರ ಕತೆಯಲ್ಲವೆಂದು ಈ ತಿಂಗಳುಗಳಲ್ಲಿ ಮಾತನಾಡಿಸಿದ ಮನೆಗಳಿಂದ ತಿಳಿಯಿತು. ಕೆಲವರು ಹೆಣ್ಣುಮಕ್ಕಳ ಹೆಸರನ್ನು ಬಿಡುತ್ತಾರೆ. ಸ್ವಲ್ಪ ನಾಜೂಕಿನವರು ಹೆಸರು ಹಾಕಿ, ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿಸುತ್ತಾರೆ. ಸಹಿ ಮಾಡಿದ ದಿನ ಒಂದು ಸೀರೆ, ಒಂದು ಊಟ. ಕೇಳಿದರೆ ಮೂರು ಉತ್ತರಗಳು ಸಿದ್ಧವಾಗಿರುತ್ತವೆ.

ಮೊದಲನೆಯದು, ಮದುವೆಗೆ ಖರ್ಚು ಮಾಡಿದ್ದೇವಲ್ಲ ಎಂಬುದು. ಮದುವೆಯ ಖರ್ಚು ತಂದೆ ಬದುಕಿದ್ದಾಗ ಮಾಡಿದ್ದು. ವಾರಸು ಹುಟ್ಟುವುದು ಅವರ ಮರಣದಿಂದ. ಒಂದನ್ನು ಇನ್ನೊಂದರಲ್ಲಿ ಕಳೆಯುವ ಲೆಕ್ಕ ಯಾವ ಕಿತಾಬಿನಲ್ಲಿಯೂ ಇಲ್ಲ. ಗಂಡುಮಕ್ಕಳ ಮದುವೆಗೆ, ಓದಿಗೆ, ಅಂಗಡಿಗೆ ಆದ ಖರ್ಚನ್ನು ಯಾರಾದರೂ ಅವರ ಪಾಲಿನಲ್ಲಿ ಕಳೆದದ್ದುಂಟೆ?

ಎರಡನೆಯದು, ಅವರೇ ಮಾಫ್ ಮಾಡಿದ್ದಾರೆ ಎಂಬುದು. ವಾರಸುದಾರನು ‘ನನ್ನ ಹಕ್ಕನ್ನು ಬಿಟ್ಟೆ’ ಎಂದು ಬಾಯಲ್ಲಿ ಹೇಳಿದ ಮಾತ್ರಕ್ಕೆ ಹಕ್ಕು ಅಳಿಯುವುದಿಲ್ಲವೆಂದು ಹನಫೀ ಫುಖಹಾಗಳು ಸ್ಪಷ್ಟವಾಗಿ ಬರೆದಿದ್ದಾರೆ. ಪಾಲಿನ ಬದಲು ಏನಾದರೂ ಪಡೆದು, ಒಪ್ಪಿ, ಹೊರಬರುವ ‘ತಖಾರುಜ್’ ಎಂಬ ದಾರಿಯೇನೋ ಉಂಟು. ಅಲ್ಲಿ ಪಡೆಯುವುದೂ ಒಪ್ಪುವುದೂ ನಿಜವಾಗಿರಬೇಕು. ಪಾಲು ಎಷ್ಟೆಂದು ತಿಳಿಸದೆ, ಕೈಗೆ ಕೊಡದೆ, ನಾಲ್ಕು ಜನ ಅಣ್ಣತಮ್ಮಂದಿರು ಸುತ್ತ ಕುಳಿತಿರುವಾಗ ಪಡೆದ ಮಾಫಿ ಎಂತಹ ಮಾಫಿ? ಮೊದಲು ಅವಳ ಕೈಗೆ ಕೊಡಿ. ಆಮೇಲೆ ಅವಳು ಹಿಂದಿರುಗಿಸಿದರೆ ಅದು ಅವಳ ಔದಾರ್ಯ.

ಮೂರನೆಯ ಉತ್ತರ ಇವೆರಡಕ್ಕಿಂತ ಕ್ರೂರವಾದುದು. ತವರಿನ ಬಾಗಿಲು ತೆರೆದಿರಬೇಕಾದರೆ ಪಾಲಿನ ಮಾತೆತ್ತಬಾರದು. ಈ ಮಾತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಲ್ಲ ಹೆಣ್ಣುಮಕ್ಕಳಿಗೂ ಗೊತ್ತಿರುತ್ತದೆ. ಗಂಡ ತೀರಿಕೊಂಡರೆ, ಮನೆಯಲ್ಲಿ ಜಗಳವಾದರೆ, ಹೋಗಲು ಒಂದು ಜಾಗ ಬೇಕು. ಆ ಜಾಗದ ಬಾಡಿಗೆಯೆಂದು ಅವರು ತಮ್ಮ ಪಾಲನ್ನು ಕಟ್ಟುತ್ತಾರೆ.

ನಮ್ಮ ಎರಡನೆಯ ಫೂಫು ಆ ಬಾಡಿಗೆಯನ್ನು ಕಟ್ಟಲಿಲ್ಲ. ಅವರನ್ನು ಕೊಟ್ಟಿದ್ದು ಭದ್ರಾವತಿಗೆ. ಗಂಡ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಾದಾ ತೀರಿದ ಎರಡು ವರ್ಷಕ್ಕೆ ಒಂದು ಈದಿನಲ್ಲಿ ಬಂದು, “ಅಬ್ಬಾ ಅವರ ಜಮೀನಿನ ವಿಷಯ ಏನು ಮಾಡಿದಿರಿ?” ಎಂದು ಒಂದೇ ಒಂದು ಸಲ ಕೇಳಿದರು. ಅದಕ್ಕೆ ಸಿಕ್ಕ ಉತ್ತರವನ್ನು ಇಲ್ಲಿ ಬರೆಯಲಾರೆವು. ಮುಂದಿನ ಈದಿಗೆ ಅವರು ಬರಲಿಲ್ಲ. ಅವರ ಜನಾಝಾಕ್ಕೆ ನಮ್ಮಲ್ಲಿ ಕೆಲವರು ಹೋಗಿ ಅದೇ ದಿನ ಹಿಂದಿರುಗಿದರು. ಸಮ್ಮಿಲನದ ಕರೆಯೋಲೆಯನ್ನು ಕಳುಹಿಸುವಾಗ ಅವರ ಮಕ್ಕಳ ಫೋನ್ ನಂಬರು ಯಾರ ಬಳಿಯೂ ಇರಲಿಲ್ಲ. ‘ಭದ್ರಾವತಿಯವರು ಸಂಪರ್ಕಕ್ಕೆ ಸಿಗಲಿಲ್ಲ’ ಎಂದು ಪಟ್ಟಿಯಲ್ಲಿ ಬರೆದುಕೊಂಡೆವು. ಸಂಪರ್ಕವನ್ನು ಕಡಿದವರು ಯಾರೆಂದು ಬರೆದುಕೊಳ್ಳಲಿಲ್ಲ. ನಂಟನ್ನು ಕಡಿದವನು ಸ್ವರ್ಗವನ್ನು ಪ್ರವೇಶಿಸಲಾರನೆಂಬ ಹದೀಸನ್ನು ಶಾಮಿಯಾನದ ಬ್ಯಾನರಿನ ಮೇಲೆ ಬರೆಸಿದ್ದೆವು. ಅದರ ಕನ್ನಡವೂ ನಮ್ಮದೇ.

ಪಾಲಿನ ವಚನಗಳು ಹೇಗೆ ಅವತೀರ್ಣಗೊಂಡವೆಂಬುದನ್ನು ಒಮ್ಮೆ ನೆನೆಯಬೇಕು. ಉಹುದ್‌ನಲ್ಲಿ ಹುತಾತ್ಮರಾದ ಸಅದ್ ಬಿನ್ ರಬೀಅ್‌ರ (ರ) ಪತ್ನಿ ತಮ್ಮ ಇಬ್ಬರು ಹೆಣ್ಣುಮಕ್ಕಳೊಂದಿಗೆ ಪ್ರವಾದಿವರ್ಯರ (ಸ) ಬಳಿಗೆ ಬಂದರು. ಮಕ್ಕಳ ತಂದೆಯ ಸಹೋದರನು ಎಲ್ಲ ಆಸ್ತಿಯನ್ನೂ ತೆಗೆದುಕೊಂಡಿದ್ದನು. ಆಸ್ತಿಯಿಲ್ಲದೆ ಇವರ ಮದುವೆ ಹೇಗೆ ಎಂಬುದು ಆ ತಾಯಿಯ ಅಳಲು. ವಚನ ಅವತೀರ್ಣವಾಯಿತು. ಹೆಣ್ಣುಮಕ್ಕಳಿಗೆ ಮೂರರಲ್ಲಿ ಎರಡು ಭಾಗ, ಪತ್ನಿಗೆ ಎಂಟರಲ್ಲಿ ಒಂದು, ಮಿಕ್ಕಿದ್ದು ಸಹೋದರನಿಗೆ ಎಂದು ಪ್ರವಾದಿವರ್ಯರು (ಸ) ತೀರ್ಮಾನಿಸಿದರು. ಚಿಕ್ಕಪ್ಪನು ಕೊನೆಯವನಾದನು! ನಮ್ಮ ಮನೆಗಳಲ್ಲಿ ಅವನೇ ಈಗಲೂ ಮೊದಲನೆಯವನು.

ನೆರೆಮನೆಯ ಹಿಂದೂ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲಿನ ಹಕ್ಕನ್ನು ಕರ್ನಾಟಕವು 1994ರಲ್ಲಿ, ದೇಶವು 2005ರಲ್ಲಿ ಕಾಯ್ದೆ ಮಾಡಿ ಕೊಟ್ಟಿತು. ನಮ್ಮವರು ಸೀರತ್ ವೇದಿಕೆಗಳಲ್ಲಿ, ಇಸ್ಲಾಮ್ ಹೆಣ್ಣಿಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಪಾಲು ಕೊಟ್ಟಿತೆಂದು ಹೆಮ್ಮೆಯಿಂದ ಸಾರುತ್ತಾರೆ. ನಾವೂ ಸಾರಿದ್ದೇವೆ. ಇಸ್ಲಾಮ್ ಕೊಟ್ಟಿತು, ನಿಜ. ನೀವು ಕೊಟ್ಟಿರೇ ಎಂದು ಸಭೆಯ ಹಿಂಬದಿಯ ಪರದೆಯ ಆಚೆಯಿಂದ ಯಾರೂ ಕೇಳಲಿಲ್ಲವೆಂಬುದು ನಮ್ಮ ಪುಣ್ಯ. ರೂಢಿಯನ್ನು ಬದಿಗಿರಿಸಿ ಶರೀಅತ್ತನ್ನು ಅನ್ವಯಿಸಬೇಕೆಂದು ಬಂದ 1937ರ ಕಾಯ್ದೆ ಕೂಡ ಕೃಷಿ ಭೂಮಿಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು. ಮದ್ರಾಸಿನವರು ಆ ವಿನಾಯಿತಿಯನ್ನು 1949ರಲ್ಲಿ ತೆಗೆದುಹಾಕಿದರು. ಕಾಯ್ದೆಯ ಮಾತು ವಕೀಲರಿಗಿರಲಿ. ತಂದೆತಾಯಿ, ಆಪ್ತ ಬಂಧುಗಳು ಬಿಟ್ಟುಹೋದುದು ಸ್ವಲ್ಪವಿರಲಿ ಹೆಚ್ಚಿರಲಿ, ಅದರಲ್ಲಿ ಹೆಣ್ಣಿಗೆ ನಿಗದಿತ ಪಾಲಿದೆಯೆಂದ ಸೂರಃ ನಿಸಾ, ರಾಗಿ ಹೊಲವನ್ನು ಹೊರಗಿಡಲಿಲ್ಲ.

ನಮ್ಮ ದಾದಾ ಬಿಟ್ಟುಹೋದ ಜಮೀನು 5 ಎಕರೆ 20 ಗುಂಟೆ. ಅಂದರೆ 220 ಗುಂಟೆ. ನಾಲ್ವರು ಗಂಡುಮಕ್ಕಳಿಗೆ ಎರಡೆರಡು ಭಾಗ, ಮೂವರು ಹೆಣ್ಣುಮಕ್ಕಳಿಗೆ ಒಂದೊಂದು, ಒಟ್ಟು ಹನ್ನೊಂದು. ಗಂಡುಮಗನಿಗೆ ಒಂದು ಎಕರೆ, ಹೆಣ್ಣುಮಗಳಿಗೆ 20 ಗುಂಟೆ. ಇಷ್ಟೇ ಲೆಕ್ಕ. ನಮ್ಮ ಮದರಸದ ಹುಡುಗರು ಐದು ನಿಮಿಷದಲ್ಲಿ ಮಾಡುತ್ತಾರೆ. ಈ 20 ಗುಂಟೆಯ ಬೆಲೆ ದೊಡ್ಡದೇನಲ್ಲ. ಬಯಲುಸೀಮೆಯ ಮಳೆಯನ್ನು ನಂಬಿದ ಹೊಲ, ಒಂದಿಷ್ಟು ತೆಂಗು. ಆದರೆ ಆ ಇಪ್ಪತ್ತು ಗುಂಟೆ ಇದ್ದಿದ್ದರೆ ನಮ್ಮ ಫೂಫು ಚೌಳಹಿರಿಯೂರಿಗೆ ಅತಿಥಿಯಾಗಿ ಬರಬೇಕಿರಲಿಲ್ಲ.

ಸಮ್ಮಿಲನದ ಮರುವಾರ ನಾವು ತಂದೆಯವರ ಮುಂದೆ ಕುಳಿತು ಈ ಲೆಕ್ಕವನ್ನು ಕಾಗದದ ಮೇಲೆ ತೋರಿಸಿದೆವು. ಅವರು ಬಹಳ ಹೊತ್ತು ಮಾತನಾಡಲಿಲ್ಲ. “ಆ ಅರ್ಜಿಗೆ ಮೊದಲ ಸಹಿ ನನ್ನದು” ಎಂದರು. ತಮ್ಮ ಭಾಗದಲ್ಲಿ ಸಹೋದರಿಯರಿಗೆ ಸೇರಬೇಕಾದಷ್ಟನ್ನು ಅಳೆದು ಬಿಟ್ಟುಕೊಡಲು ಒಪ್ಪಿದ್ದಾರೆ. ಒಬ್ಬ ಚಿಚ್ಚಾ ಒಪ್ಪಿದ್ದಾರೆ. ಇನ್ನೊಬ್ಬರು, “ಇಪ್ಪತ್ತು ವರ್ಷ ಉತ್ತು ಬಿತ್ತಿದವನು ನಾನು, ಈಗ ನಿನಗೆ ಕಿತಾಬು ನೆನಪಾಯಿತೆ?” ಎಂದು ನಮ್ಮನ್ನೇ ಕೇಳಿದರು. ಅವರ ಸಿಟ್ಟಿನಲ್ಲಿ ನ್ಯಾಯವಿದೆ. ಕಿತಾಬು ನೆನಪಿರಬೇಕಾಗಿದ್ದವರು ನಾವು. ಉತ್ತವನ ದುಡಿಮೆಗೆ ಬೆಲೆ ಕಟ್ಟೋಣ, ಅದರ ಮಾತು ಬೇರೆ, ಒಡೆತನದ ಮಾತು ಬೇರೆ ಎಂದು ಹೇಳಿ ಬಂದಿದ್ದೇವೆ. ಕೊನೆಯವರು ಇನ್ನೂ ಮಾತಿಗೇ ಸಿಕ್ಕಿಲ್ಲ.

ವಂಶವೃಕ್ಷವನ್ನು ಹೊಸದಾಗಿ ಬರೆಯುತ್ತಿದ್ದೇವೆ. ಈ ಸಲ ಫ್ಲೆಕ್ಸ್ ಅಲ್ಲ, ಡ್ರಾಯಿಂಗ್ ಹಾಳೆಯ ಮೇಲೆ ಪೆನ್ಸಿಲಿನಲ್ಲಿ, ತಿದ್ದಲು ಅನುಕೂಲ. ಹಿರಿಯ ಫೂಫು ತಮ್ಮ ತಾಯಿಯ ಹೆಸರನ್ನು, ತಾಯಿಯ ತಾಯಿಯ ಹೆಸರನ್ನು, ಹುಟ್ಟಿ ನಲವತ್ತು ದಿನಕ್ಕೆ ತೀರಿಕೊಂಡ ಒಬ್ಬ ತಂಗಿಯ ಹೆಸರನ್ನು ಬರೆಸಿದರು. ಆ ಕೊನೆಯ ಹೆಸರು ನಮ್ಮ ತಂದೆಯವರಿಗೂ ಗೊತ್ತಿರಲಿಲ್ಲ.

ಭದ್ರಾವತಿಯ ನಂಬರು ಕಿರಿಯ ಫೂಫುವಿನ ಮಗಳಿಂದ ಸಿಕ್ಕಿತು. ಹೆಂಗಸರ ನಡುವೆ ಅದು ಎಂದೂ ಕಳೆದುಹೋಗಿರಲೇ ಇಲ್ಲ. ಫೋನು ಎತ್ತಿದ ಹಿರಿಯ ಮಗ ಸಲಾಮಿಗೆ ಉತ್ತರಿಸಿ, ನಾವು ಯಾರೆಂದು ತಿಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದರು. ಜಮೀನಿನ ಮಾತನ್ನು ಹೇಳಿದೆವು. “ಅದು ಆಮೇಲಾಗಲಿ ಭಾಯಿ. ಮೊದಲು ಅಮ್ಮಿಯ ಕಬರಿನ ಹತ್ತಿರ ಬಂದು ಒಂದು ದುಆ ಮಾಡಿ ಹೋಗಿ” ಎಂದರು. ತಂದೆಯವರೂ ಬರುತ್ತೇನೆಂದಿದ್ದಾರೆ. ಮುಂದಿನ ವಾರ ಬೀರೂರಿನಲ್ಲಿ ಶಿವಮೊಗ್ಗದ ರೈಲು ಹಿಡಿಯುತ್ತಿದ್ದೇವೆ.